ಸ್ಟೈನ್‌ಲೆನ್‌ನ ‘ಬೀದಿ’ ಪೋಸ್ಟರ್ ನೋಡುವುದು ಹೇಗೆ?

1896ರಲ್ಲಿ ಚಿತ್ರಕಲಾವಿದ ಸ್ಟೈನ್‌ಲೆನ್ ಪ್ಯಾರಿಸ್‌ನ ಮುದ್ರಕ ಚಾರ್ಲ್ಸ್ ವೆರ್ನೋಗಾಗಿ ಮಾಡಿದ ‘ಲಾ ರೂ’, ಅಂದರೆ ಬೀದಿ, ಪೋಸ್ಟರನ್ನು ಮೊಬೈಲಿನಲ್ಲಿ ಸುಮ್ನೆ ಕಣ್ಣಾಡಿಸಿ ಬಿಡಬೇಡಿ. ಮೂಲ ಚಿತ್ರ ಸುಮಾರು 3 ಮೀಟರ್ ಅಗಲ ಇದೆ, ಹಲವು ಹಾಳೆ ಜೋಡಿಸಿ ಗೋಡೆಗೆ ಅಂಟಿಸುವಂಥದ್ದು, ಹಾಗಾಗಿ ಆದಷ್ಟು ದೊಡ್ಡ ಪರದೆಯಲ್ಲಿ ತೆರೆಯಿರಿ.

ಮೊದಲು ಅಕ್ಷರ ಬಿಡಿ, ಜನರನ್ನು ನೋಡಿ. ಬಟ್ಟೆ ಬುಟ್ಟಿ ಹೊತ್ತ ಅಗಸಗಿತ್ತಿ, ಟೋಪಿ ಹಾಕಿದ ಸಾಹುಕಾರ, ಕೂಲಿಯವನು, ಎಲ್ಲರೂ ಒಂದೇ ಬೀದಿಯಲ್ಲಿ. ಯಾರೂ ಯಾರ ಮುಖವನ್ನೂ ನೋಡುತ್ತಿಲ್ಲ ಅನಿಸುತ್ತೆ, ಅಲ್ವಾ? ಉರುಳಿಸಿ ಆಡುವ ಚಕ್ರ ಹಿಡಿದ ಪುಟ್ಟ ಹುಡುಗಿ ಸ್ಟೈನ್‌ಲೆನ್‌ನ ಮಗಳು ಕೊಲೆಟ್. ನನಗೆ ಅವಳೇ ಜಾಸ್ತಿ ಇಷ್ಟ.

ಆಮೇಲೆ ಹಿಗ್ಗಿಸಿ. ಇದು ಕಲ್ಲಚ್ಚು, ಅಂದರೆ ಕಲ್ಲಿನ ಮೇಲೆ ಚಿತ್ರ ಬರೆದು ಅದರಿಂದ ಕಾಗದಕ್ಕೆ ಅಚ್ಚೊತ್ತಿದ್ದು, ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು. ಬಣ್ಣ ಎಲ್ಲಿ ಒಂದರ ಮೇಲೊಂದು ಕೂತಿದೆ ಅಂತ ಹುಡುಕಿ.