ಮಗ ಮನೆಗೆ ವಾಪಸ್ ಬಂದ, ಬಾಡಿಗೆ ಏರಿತು

ಕೆಲಸ ಹೋಯಿತು ಅಂತ ಮಗ ಎರಡು ಸೂಟ್‌ಕೇಸ್ ಹಿಡಿದು ಬಂದ ದಿನ ನನಗೆ ಅವನ ಊಟದ್ದೇ ಯೋಚನೆ. ಬಾಡಿಗೆ ನೆನಪಾಗಿದ್ದು ರಾತ್ರಿ ದೀಪ ಆರಿಸಿದ ಮೇಲೆ.

ನಾನಿರುವುದು ಅಮೆರಿಕದ ಸರ್ಕಾರಿ ಬಾಡಿಗೆ ಮನೆಯಲ್ಲಿ. ಇಲ್ಲಿ ಪಬ್ಲಿಕ್ ಹೌಸಿಂಗ್ ಅಂತಾರೆ. ಮನೆಯಲ್ಲಿರುವವರ ಒಟ್ಟು ವರಮಾನದಲ್ಲಿ ಕೆಲವು ಕಡಿತ ಕಳೆದು, ಉಳಿದದ್ದರ ಶೇ. 30ರಷ್ಟು ಬಾಡಿಗೆ. 1981ಕ್ಕೆ ಮುಂಚೆ ಇದು ಶೇ. 25 ಇತ್ತಂತೆ. ನನ್ನ ಸಂಬಳ ವರ್ಷಕ್ಕೆ 21,600 ಡಾಲರ್, ಕಡಿತ ಏನೂ ಇಲ್ಲ. ಹಾಗಾಗಿ ತಿಂಗಳಿಗೆ 540 ಕಟ್ಟುತ್ತಿದ್ದೆ. ಬೆಳೆದ ಮಗ ಮನೆ ಸೇರಿದರೆ ಅವನ ಸಂಪಾದನೆಯೂ ಈ ಲೆಕ್ಕಕ್ಕೆ ಬೀಳುತ್ತದೆ, ಅವನು ನನ್ನ ಕೈಗೆ ಬಿಡಿಗಾಸು ಕೊಡದಿದ್ದರೂ.

"ನೆಂಟ ಅಂತ ಇರ್ತೀನಿ ಬಿಡಮ್ಮ, ಯಾರಿಗೂ ಹೇಳ್ಬೇಡ" ಅಂದ. ನನ್ನ ಕರಾರಿನಲ್ಲಿ ನೆಂಟರಿಗೆ 14 ದಿನ ಅಷ್ಟೇ. ಪಕ್ಕದ ಬ್ಲಾಕಿನಾಕೆ ಮಗಳನ್ನು ಒಂದು ವರ್ಷ ಹೀಗೇ ಇಟ್ಟುಕೊಂಡಿದ್ದಳು. ಸಿಕ್ಕಿಬಿದ್ದ ಮೇಲೆ ಹಿಂದಿನ ಬಾಕಿಯನ್ನೆಲ್ಲ ಕಂತಿನಲ್ಲಿ ಕಟ್ಟಿದಳು. ಮನೆ ಉಳಿದದ್ದೇ ಪುಣ್ಯ. ನಾನು ಹತ್ತನೇ ದಿನವೇ ಆಫೀಸಿಗೆ ಹೋಗಿ, ಅವನ ಹೆಸರು ಸೇರಿಸಲು ಅರ್ಜಿ ಕೊಟ್ಟೆ. ದಿನಾಂಕದ ಮುದ್ರೆ ಹಾಕಿಸಿ ಒಂದು ಪ್ರತಿ ಇಟ್ಟುಕೊಂಡೆ. ಪೊಲೀಸ್ ದಾಖಲೆ ನೋಡಿ ಒಪ್ಪಿಗೆ ಕೊಡುವಷ್ಟರಲ್ಲಿ ಆ 14 ದಿನ ಮುಗಿದು, ಮಗ ಗೆಳೆಯನ ಸೋಫಾ ಮೇಲೆ ಮಲಗಬೇಕಾಯಿತು. ನನ್ನ ಮೇಲೆ ಸಿಟ್ಟೂ ಮಾಡಿಕೊಂಡ.

ಅವನಿಗೆ ವಾರಕ್ಕೆ 250 ಡಾಲರ್ ನಿರುದ್ಯೋಗ ಭತ್ಯೆ ಬರುತ್ತಿತ್ತು. ಅದೂ ವರಮಾನವೇ. ಬಾಡಿಗೆ 865 ಆಯಿತು.

ಎರಡು ತಿಂಗಳಾದ ಮೇಲೆ ಅವನಿಗೆ ಗೋದಾಮಿನಲ್ಲಿ ಕೆಲಸ ಸಿಕ್ಕಿತು. ಅದನ್ನೂ ತಿಳಿಸಿದೆ. ಬಂದ ಪತ್ರದಲ್ಲಿ ಹೊಸ ಬಾಡಿಗೆ 1,486! ಎದೆ ಧಸಕ್ಕೆಂದಿತು. ಅವನ ಸಂಬಳದ ಚೀಟಿಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ಎರಡು ವಾರಕ್ಕೊಮ್ಮೆ ಸಂಬಳ, ಅಂದರೆ ವರ್ಷಕ್ಕೆ 26 ಸಲ. ತಿಂಗಳಿಗೆರಡು ಅಂತ 24ರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತೆ. ಅದೂ ಕೈಗೆ ಬಂದ ದುಡ್ಡಲ್ಲ, ತೆರಿಗೆ ಹಿಡಿಯುವ ಮುಂಚಿನದು. ಇಷ್ಟನ್ನೂ ಆಫೀಸಿನವರು ಸರಿಯಾಗೇ ಮಾಡಿದ್ದರು. ಆದರೆ ಅವರು ಹಿಡಿದ ಚೀಟಿಯಲ್ಲಿ 1,456 ಇತ್ತು. ಅದರಲ್ಲಿ 336 ಹಬ್ಬದ ಸೀಸನ್ನಿನ ಓವರ್‌ಟೈಮ್. ಒಂದೇ ಸಲ ಸಿಕ್ಕಿದ್ದನ್ನು ವರ್ಷವಿಡೀ ಸಿಗುತ್ತೆ ಅಂತ ಗುಣಿಸಿಬಿಟ್ಟಿದ್ದರು.

ಜಗಳಕ್ಕೆ ಹೋಗಲಿಲ್ಲ. ಓವರ್‌ಟೈಮ್ ಕಾಯಂ ಅಲ್ಲ ಅಂತ ಅವನ ಕಂಪನಿಯಿಂದ ಪತ್ರ ಬರೆಸಿ, ಇನ್ನೆರಡು ಚೀಟಿ ಜೊತೆಗಿಟ್ಟು, ಮರು ಲೆಕ್ಕ ಮಾಡಿ ಅಂತ ಬರೆದುಕೊಟ್ಟೆ. 1,120ರ ಲೆಕ್ಕದಲ್ಲಿ ಬಾಡಿಗೆ 1,268ಕ್ಕೆ ಇಳಿಯಿತು. ಬಾಯಲ್ಲಿ ಹೇಳಿದ್ದರೆ ಸುಮ್ನೆ ತಲೆ ಆಡಿಸಿ ಕಳಿಸುತ್ತಿದ್ದರೇನೋ.

ಅವನು ಸಂಜೆ ಕಾಲೇಜು ಸೇರುವ ಯೋಚನೆಯಲ್ಲಿದ್ದ. ಪೂರ್ತಿ ಹೊತ್ತಿನ ವಿದ್ಯಾರ್ಥಿ ಆಗಿದ್ದರೆ ಅವನ ದುಡಿಮೆಯಲ್ಲಿ ಸ್ವಲ್ಪ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. ಆದರೆ ಎರಡೇ ಕೋರ್ಸ್ ತಗೊಂಡ. ಹೋಯ್ತಲ್ಲ ಅಂದುಕೊಂಡೆ.

ವರ್ಷದ ಪರಿಶೀಲನೆಯಲ್ಲಿ ಇನ್ನೊಂದು ದಾರಿ ಸಿಕ್ಕಿತು: ಫ್ಲಾಟ್ ರೆಂಟ್. ವರಮಾನ ಎಷ್ಟೇ ಇರಲಿ, ಆ ಮನೆಗೆ ಇಷ್ಟು ಅಂತ ಗೊತ್ತುಮಾಡಿದ ಬಾಡಿಗೆ. ವರ್ಷಕ್ಕೊಮ್ಮೆ ಇದೋ ಅದೋ ಆರಿಸಿಕೊಳ್ಳಬಹುದು. ನಮ್ಮ ಮನೆಗೆ 1,100 ಇತ್ತು. ಕಣ್ಣು ಮುಚ್ಚಿ ಸಹಿ ಹಾಕಿದೆ. ನಾನು ಹಳೇ 540 ಕೊಡುತ್ತೇನೆ, ಉಳಿದ 560 ಮಗನದು. ಮೊದಲು ಗೊಣಗಿದ. ಹೊರಗೆ ಒಂದು ರೂಮಿನ ಬಾಡಿಗೆ ವಿಚಾರಿಸಿ ಬಂದ ಮೇಲೆ ಸುಮ್ಮನಾದ.

ಈಗ ಮತ್ತೆ ಬೇರೆ ಹೋಗುವ ಮಾತು. ಅವನು ಹೋದರೆ 1,100 ನನ್ನೊಬ್ಬಳ ಕೈಲಿ ಆಗದ ಮಾತು. ವರಮಾನ ಇಳಿದು ಕಷ್ಟವಾದರೆ ವರ್ಷ ಮುಗಿಯುವವರೆಗೆ ಕಾಯದೆ ಹಳೇ ಲೆಕ್ಕಕ್ಕೆ ಮರಳಬಹುದು. ಆದರೆ ಅವನು ನಿಜವಾಗಿ ಹೋಗಿದ್ದಾನೆ ಅಂತ ಕಾಗದ ಬೇಕಲ್ವಾ? "ಹೊಸ ಮನೆ ಕರಾರಿಗೆ ಸಹಿ ಹಾಕಿದ ದಿನವೇ ಒಂದು ಜೆರಾಕ್ಸ್ ನನಗೆ ಕೊಡು, ಆಮೇಲೆ ಸಾಮಾನು ಕಟ್ಟು" ಅಂತ ಹೇಳಿಟ್ಟಿದ್ದೇನೆ.