ಮಳೆಗಾಲದಲ್ಲಿ ಹುಬ್ಬಳ್ಳಿಯಿಂದ ಅಂಕೋಲಾ, ಗೋಕರ್ಣದ ಕಡೆ ಹೊರಡುವ ಮುಂಚೆ

ಜುಲೈನಲ್ಲಿ ಹುಬ್ಬಳ್ಳಿ-ಧಾರವಾಡದಲ್ಲಿ ಜಿಟಿಜಿಟಿ ಮಳೆ ಇದೆ ಅಂತ ಕೆಳಗೂ ಹಾಗೇ ಇರುತ್ತದೆ ಅಂದುಕೊಂಡು ಗಾಡಿ ತೆಗೆಯಬೇಡಿ. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಸಿಗುವುದು ಬೇರೆಯದೇ ಮಳೆ. ಅರಬ್ಬಿ ಸಮುದ್ರ ವರ್ಷದಿಂದ ವರ್ಷಕ್ಕೆ ಬಿಸಿಯಾಗುತ್ತಿದೆ, ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ತೇವ ಹಿಡಿಯುತ್ತದೆ, ಆ ತೇವವೆಲ್ಲ ಘಟ್ಟಕ್ಕೆ ಬಡಿದು ಕೆಲವೇ ಗಂಟೆಗಳಲ್ಲಿ ಸುರಿದುಬಿಡಬಹುದು.

ಮೊದಲು ಹವಾಮಾನ ಇಲಾಖೆಯ ಎಚ್ಚರಿಕೆ ನೋಡಿ. ಧಾರವಾಡ ಜಿಲ್ಲೆಯದ್ದಲ್ಲ, ಉತ್ತರ ಕನ್ನಡದ್ದು. 24 ಗಂಟೆಯಲ್ಲಿ 115 ಮಿ.ಮೀ. ದಾಟುವಂತಿದ್ದರೆ ಸಾಮಾನ್ಯವಾಗಿ ಆರೆಂಜ್ ಅಲರ್ಟ್ ಕೊಡುತ್ತಾರೆ, 204 ದಾಟುವಂತಿದ್ದರೆ ರೆಡ್. ನನ್ನ ಕೇಳಿದರೆ ಆರೆಂಜ್ ಇದ್ದಾಗಲೇ ಪ್ರವಾಸ ಮುಂದೂಡಿ. ಅಲರ್ಟ್ ಮುಗಿದ ದಿನವೇ ಹೊರಡುವುದೂ ಬೇಡ. ನೀರು ಕುಡಿದ ಮಣ್ಣು ಮಳೆ ನಿಂತ ಮೇಲೂ ಜಾರುತ್ತದೆ.

ನಿಲ್ಲುವ ಜಾಗದ ಬಗ್ಗೆ ಇನ್ನೂ ಹುಷಾರಾಗಿರಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿದಾಗ ರಸ್ತೆಬದಿಯ ಚಹಾ ಅಂಗಡಿ, ಅಲ್ಲಿ ನಿಂತಿದ್ದ ಲಾರಿ, ಟ್ಯಾಂಕರ್‌ಗಳ ಮೇಲೆ ಮಣ್ಣು ಬಿತ್ತು, ಪಕ್ಕದ ಗಂಗಾವಳಿ ನದಿಗೂ ನುಗ್ಗಿತು. ಹಾಗಾಗಿ ಗುಡ್ಡ ಕಡಿದು ಮಾಡಿದ ರಸ್ತೆಯಲ್ಲಿ ಚಹಾಕ್ಕೂ ನಿಲ್ಲಬೇಡಿ, ಫೋಟೊಕ್ಕಂತೂ ಬೇಡವೇ ಬೇಡ. ತಿಳಿಯಾಗಿ ಇಳಿಯುತ್ತಿದ್ದ ಒರತೆ ಒಮ್ಮೆಲೇ ಕೆಂಪಗಾಗುವುದು, ಮರಗಳು ರಸ್ತೆ ಕಡೆ ವಾಲಿರುವುದು, ಸಣ್ಣ ಕಲ್ಲು ಟಪಟಪ ಉದುರುವುದು, ಡಾಂಬರಿನಲ್ಲಿ ಹೊಸ ಬಿರುಕು, ಇದರಲ್ಲಿ ಒಂದು ಕಂಡರೂ ಗಾಡಿ ತಿರುಗಿಸಿ. ಕತ್ತಲಲ್ಲಿ ಇವು ಯಾವುವೂ ಕಾಣುವುದಿಲ್ಲ. ಸಂಜೆಯಾದರೆ ಯಲ್ಲಾಪುರದಲ್ಲೇ ಉಳಿದುಬಿಡಿ.

ಇನ್ನೊಂದು ವಿಷಯ. ಗಂಗಾವಳಿ ಅಂದರೆ ನಮ್ಮ ಬೇಡ್ತಿಯೇ ಅಲ್ವಾ, ಧಾರವಾಡ, ಕಲಘಟಗಿ ಸುತ್ತ ಬಿದ್ದ ನೀರೂ ಅಲ್ಲಿಗೇ ಹೋಗುತ್ತದೆ. ಇಲ್ಲಿ ಹಳ್ಳಗಳು ತುಂಬಿ ಹರಿಯುತ್ತಿದ್ದರೆ ಅಂಕೋಲಾದಲ್ಲಿ ಬಿಸಿಲಿದ್ದರೂ ನದಿದಂಡೆಯ ರೂಮು ಹಿಡಿಯಬೇಡಿ.

ಕಡಲಿಗೆ ಇಳಿಯುವುದನ್ನು ಮಳೆಗಾಲ ಮುಗಿಯುವವರೆಗೆ ಮರೆತುಬಿಡಿ, ಮೊಣಕಾಲುದ್ದ ನೀರಿದ್ದರೂ ಸೆಳೆತ ಒಳಗೆ ಎಳೆಯುತ್ತದೆ. ಮಕ್ಕಳ ಕೈ ಬಿಡಬೇಡಿ.

ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ 112ಕ್ಕೆ ಫೋನ್ ಮಾಡಿ, ಜಿಲ್ಲಾ ಕಂಟ್ರೋಲ್ ರೂಮ್ ನಂಬರ್ 1077. ಘಟ್ಟದಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಸಿಗುವುದಿಲ್ಲ, ಎಷ್ಟೊತ್ತಿಗೆ ಯಾವ ಊರು ದಾಟುತ್ತೀರಿ ಅಂತ ಹೊರಡುವಾಗಲೇ ಮನೆಯವರಿಗೆ ಹೇಳಿಡಿ.