ಕ್ರಿಸ್ಮಸ್ ಊಟಕ್ಕೆ ಹಣ್ಣಿನ ವೈನ್: ಬಫಾತ್ ರುಚಿ ನೋಡಿ ಬಾಟಲಿ ಆರಿಸಿ

ಡಿಸೆಂಬರ್ ಬಂತೆಂದರೆ ಮಂಗಳೂರಿನ ನಮ್ಮಂಥ ಮನೆಗಳಲ್ಲಿ ಕುಸ್ವಾರಿನದೇ, ಅಂದರೆ ಕ್ರಿಸ್ಮಸ್ ತಿಂಡಿಗಳದೇ ಮಾತು. ಪೋರ್ಕ್ ಎಷ್ಟು ಕಿಲೋ, ಇಡ್ಲಿಯಂಥ ಸನ್ನಕ್ಕೆ ಅಕ್ಕಿ ಯಾವಾಗ ನೆನೆಹಾಕೋದು, ಎಲ್ಲ ಮೊದಲೇ ತೀರ್ಮಾನ ಆಗಿರುತ್ತದೆ. ವೈನ್ ಮಾತ್ರ ಕೊನೇ ಗಳಿಗೆಗೆ ಉಳಿಯುತ್ತದೆ. 24ರ ಸಂಜೆ ಯಾರಾದರೂ ಅಂಗಡಿಗೆ ಓಡಿ, ಚಂದದ ಹಣ್ಣಿನ ಚಿತ್ರ ಇರುವ ಬಾಟಲಿ ತಂದುಬಿಡುತ್ತಾರೆ. ಅಷ್ಟು ಕಷ್ಟಪಟ್ಟು ಅಡುಗೆ ಮಾಡಿದ ಮೇಲೆ ಗ್ಲಾಸಿನಲ್ಲಿರುವುದೂ ಅದಕ್ಕೆ ಹೊಂದಬೇಕು ಅಲ್ವಾ?

ಹಣ್ಣು ಯಾವುದು ಅನ್ನೋದು ಆಮೇಲಿನ ಮಾತು. ಮೊದಲು ನಿಮ್ಮ ಸಾರಿನಲ್ಲಿ ಹುಳಿ ಎಷ್ಟು, ಖಾರ ಎಷ್ಟು, ಕೊಬ್ಬು ಎಷ್ಟು ನೋಡಿ. ನಮ್ಮ ಪೋರ್ಕ್ ಬಫಾತ್ ಅಂದರೆ ಮಸಾಲೆ ಪುಡಿ ಹಾಕಿದ ಹಂದಿ ಮಾಂಸದ ಸಾರು, ಅದರಲ್ಲಿ ಮೂರೂ ಇವೆ. ಬ್ಯಾಡಗಿ ಮೆಣಸು, ಕಾಳುಮೆಣಸು, ಲವಂಗ, ಚಕ್ಕೆ ಹಾಕಿದ ಪುಡಿ, ಮೇಲೆ ವಿನೆಗರ್ ಅಥವಾ ಹುಣಸೆ. ಸಾರಿಗಿಂತ ವೈನಿನ ಹುಳಿ ಕಡಿಮೆಯಾದರೆ ವೈನ್ ಸಪ್ಪೆ ಅನಿಸುತ್ತದೆ. ಖಾರ ಇದ್ದಲ್ಲಿ ಸ್ವಲ್ಪ ಸಿಹಿ ಬೇಕು, ಆಲ್ಕೋಹಾಲ್ ಕಡಿಮೆ ಇರಬೇಕು. ಆಲ್ಕೋಹಾಲ್ ಜಾಸ್ತಿ ಆದಷ್ಟೂ ಬಾಯಿ ಉರಿಯುತ್ತದೆ.

ಹಾಗಾಗಿ ಬಫಾತಿಗೆ ನನ್ನ ಮೊದಲ ಆಯ್ಕೆ ಅನಾನಸ್ ವೈನ್, ಅರೆಸಿಹಿಯದ್ದು. ಪ್ಯಾಷನ್ ಫ್ರೂಟ್ ಸಿಕ್ಕರೆ ಇನ್ನೂ ಒಳ್ಳೆಯದು. ಎರಡರಲ್ಲೂ ಹುಳಿ ಚೆನ್ನಾಗಿರುತ್ತದೆ, ಪೋರ್ಕಿನ ಜಿಡ್ಡು ನಾಲಿಗೆಯಿಂದ ಬಿಟ್ಟುಹೋಗುತ್ತದೆ. ನೇರಳೆ ವೈನ್ ಬಣ್ಣ ನೋಡಿ ಎಲ್ಲರೂ ಮರುಳಾಗುತ್ತಾರೆ, ಆದರೆ ಅದರಲ್ಲಿ ಒಗರು ಇದೆ. ಖಾರದ ಜೊತೆ ಆ ಒಗರು ಕಹಿಯಾಗುತ್ತದೆ. ಅದನ್ನು ಖಾರ ಕಡಿಮೆ ಇರುವ ಮಟನ್ ಪಲಾವಿಗೆ, ಹುರಿದ ಮಾಂಸಕ್ಕೆ ಇಡಿ. ಅಂಜಲ್ ಅಥವಾ ಕಾಣೆ ಮೀನಿನ ರವಾ ಫ್ರೈ ಇದ್ದರೆ ಸಿಹಿ ಇಲ್ಲದ ಸೇಬಿನ ವೈನ್ ಸಾಕು.

ಕೊಡಗಿನ ಕಡೆಯವರ ಪಂದಿ ಕರಿಗೂ ಇದೇ ಲೆಕ್ಕ. ಅದಕ್ಕೆ ಹಾಕುವ ಕಾಚಂಪುಳಿ ಎಂಬ ಗಟ್ಟಿ ಹುಳಿರಸದ ಹುಳಿ ಜೋರು, ಅಂಗಡಿಯಲ್ಲಿರುವುದರಲ್ಲಿ ಹೆಚ್ಚು ಹುಳಿಯದ್ದನ್ನೇ ಕೇಳಿ. ಮಡಿಕೇರಿಗೆ ಹೋದವರು ನೆಲ್ಲಿಕಾಯಿ, ಶುಂಠಿ, ವೀಳ್ಯದೆಲೆ ವೈನ್ ಎಲ್ಲ ಹೊತ್ತು ತರುತ್ತಾರೆ. ತನ್ನಿ, ತೊಂದರೆ ಇಲ್ಲ. ಆದರೆ ತಯಾರಿಸಿದವರ ಹೆಸರು, ಪರವಾನಗಿ, ಆಲ್ಕೋಹಾಲ್ ಪ್ರಮಾಣ ಲೇಬಲ್ ಮೇಲೆ ಇರಲೇಬೇಕು. ಅಬಕಾರಿ ಪರವಾನಗಿ ಇಲ್ಲದೆ ವೈನ್ ಮಾರುವಂತಿಲ್ಲ. ಏನೂ ಬರೆದಿಲ್ಲದ ಬಾಟಲಿಯನ್ನು ನಾನು ಅತಿಥಿಗಳ ಮುಂದೆ ಇಡುವುದಿಲ್ಲ.

ಲೇಬಲಿನಲ್ಲಿ ಇನ್ನೂ ಒಂದೆರಡು ನೋಡಬೇಕು. ಹಣ್ಣು ಸಿಹಿ ಅಂದಮಾತ್ರಕ್ಕೆ ವೈನ್ ಸಿಹಿ ಇರಬೇಕೆಂದಿಲ್ಲ, ಯೀಸ್ಟ್ ಆ ಸಕ್ಕರೆಯನ್ನೇ ತಿಂದು ಆಲ್ಕೋಹಾಲ್ ಮಾಡುತ್ತದೆ. 'ಡ್ರೈ' ಅಂದರೆ ಸಿಹಿ ಇಲ್ಲ, 'ಸೆಮಿ ಸ್ವೀಟ್' ಅಂದರೆ ಅರೆಸಿಹಿ. ಎಸೆನ್ಸ್, ಬಣ್ಣ ಸೇರಿಸಿದ್ದಾರೆ ಎಂದು ಬರೆದಿದ್ದರೆ ಬಿಟ್ಟುಬಿಡಿ. ತಯಾರಾದ ತಾರೀಕನ್ನೂ ಓದಿ. ಹೆಚ್ಚಿನ ಹಣ್ಣಿನ ವೈನ್ ಇಟ್ಟಷ್ಟೂ ರುಚಿ ಆಗುವಂಥದ್ದಲ್ಲ, ಹೊಸದಿರುವಾಗಲೇ ಚೆನ್ನ. ಅನಾನಸ್ ವೈನ್ ಕಂದು ಬಣ್ಣಕ್ಕೆ ತಿರುಗಿದ್ದರೆ ಅದರ ಕಾಲ ಮುಗಿಯಿತು ಎಂದೇ ಲೆಕ್ಕ.

ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನ್? ಅದಿಲ್ಲದೆ ನಮ್ಮತ್ತೆಗೆ ಕ್ರಿಸ್ಮಸ್ಸೇ ಇಲ್ಲ. ಬೆಂಗಳೂರು ಬ್ಲೂ ದ್ರಾಕ್ಷಿ, ಸಕ್ಕರೆ, ಯೀಸ್ಟ್, ಒಂದು ಹಿಡಿ ಗೋಧಿ, ಚಕ್ಕೆ ಲವಂಗ, ಭರಣಿಯಲ್ಲಿ 21 ದಿನ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಈ ದ್ರಾಕ್ಷಿಗೆ 2013ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಸಿಕ್ಕಿದೆ. ಅದರ ಘಮ ಬೇರೆ ದ್ರಾಕ್ಷಿಗೆ ಬರುವುದಿಲ್ಲ. ಆದರೆ ಈ ವೈನ್ ತುಂಬ ಸಿಹಿ. ಬಫಾತ್ ಜೊತೆ ಕೊಡಬೇಡಿ, ಪ್ಲಮ್ ಕೇಕ್ ಬರುವವರೆಗೆ ಕಾಯಿರಿ. ತಿನ್ನುವ ಸಿಹಿಗಿಂತ ಕುಡಿಯುವ ವೈನ್ ಒಂದು ಪಾಲು ಹೆಚ್ಚು ಸಿಹಿ ಇರಬೇಕು, ಇಲ್ಲದಿದ್ದರೆ ವೈನ್ ಹುಳಿಹುಳಿ ಅನಿಸುತ್ತದೆ. ಕೇಕ್, ಕುಸ್ವಾರಿನ ನೆವ್ರಿ, ಕಿಡಿಯೊ ಇವಕ್ಕೆಲ್ಲ ಮನೆ ವೈನೇ ಸರಿಯಾದ ಜೊತೆ. ಬಡಿಸುವ ಮೊದಲು ಮೂಸಿ ನೋಡಿ. ವಿನೆಗರ್ ವಾಸನೆಯೋ ನೇಲ್ ಪಾಲಿಶ್ ವಾಸನೆಯೋ ಬಂದರೆ ಕೆಟ್ಟಿದೆ. ಇನ್ನೂ ಗುಳ್ಳೆ ಏಳುತ್ತಿದ್ದರೆ ಬಿಗಿ ಮುಚ್ಚಳ ಹಾಕಬೇಡಿ, ಬಾಟಲಿ ಒಡೆಯಬಹುದು.

ಈಗ ನಿಜವಾದ ಪರೀಕ್ಷೆ. ಹಬ್ಬಕ್ಕೆ ಒಂದು ವಾರ ಮುಂಚೆ ಒಂದೇ ಒಂದು ಬಾಟಲಿ ತನ್ನಿ, ಫ್ರಿಜ್ಜಿನಲ್ಲಿಡಿ. ಬಫಾತ್ ಪುಡಿ ಹಾಕಿ ಚೂರು ಮಾಂಸ ಬೇಯಿಸಿ. ಮೊದಲು ಖಾಲಿ ಬಾಯಲ್ಲಿ ಒಂದು ಗುಟುಕು ಕುಡಿಯಿರಿ. ಆಮೇಲೆ ಸನ್ನದ ತುಂಡನ್ನು ಸಾರಿನಲ್ಲಿ ಅದ್ದಿ, ಕೊಬ್ಬಿನ ಚೂರೂ ಸೇರಿಸಿ ತಿನ್ನಿ. ನುಂಗಿದ ಕೂಡಲೇ ಇನ್ನೊಂದು ಗುಟುಕು. ಹಣ್ಣಿನ ರುಚಿ ಹಾಗೇ ಇದೆಯಾ? ಖಾರ ಕೊಂಚ ಇಳಿಯಿತಾ? ಮತ್ತೊಂದು ತುತ್ತು ಬೇಕು ಅನಿಸಿತಾ? ಹಾಗಾದರೆ ಅದನ್ನೇ ತನ್ನಿ. ಎರಡನೇ ಗುಟುಕು ನೀರುನೀರು ಅನಿಸಿದರೆ ಇನ್ನೂ ಹುಳಿಯದ್ದು ಬೇಕು. ಗಂಟಲು ಉರಿದರೆ ಇನ್ನಷ್ಟು ಸಿಹಿ, ಕಡಿಮೆ ಆಲ್ಕೋಹಾಲ್ ಇರುವುದು ಬೇಕು. ಅಂಗಡಿಯವರ ಮಾತಿಗಿಂತ ನಾನು ನಂಬುವುದು ಈ ಎರಡು ಗುಟುಕನ್ನೇ.

750 ಮಿಲಿ ಬಾಟಲಿಯಿಂದ 125 ಮಿಲಿಯ ಆರು ಗ್ಲಾಸ್ ಆಗುತ್ತದೆ. ಕುಡಿಯುವವರು ಹತ್ತು ಜನ ಇದ್ದರೆ ಊಟಕ್ಕೆ ಮೂರು ಬಾಟಲಿ, ಕೇಕಿಗೆ ಒಂದು. ನಮ್ಮ ಕರಾವಳಿಯ ಸೆಕೆಗೆ ಎಲ್ಲವನ್ನೂ ತಣ್ಣಗೇ ಕೊಡಿ. ಫ್ರಿಜ್ಜಿನಲ್ಲಿ ಜಾಗ ಇಲ್ಲವಾ? ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಐಸ್, ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿ ಮುಳುಗಿಸಿ, ಅರ್ಧ ಗಂಟೆಯೊಳಗೆ ತಣಿಯುತ್ತದೆ. ಮಕ್ಕಳಿಗೆ, ಗಾಡಿ ಓಡಿಸಿಕೊಂಡು ಹೋಗುವವರಿಗೆ ಪುನರ್ಪುಳಿ (ಕೋಕಂ) ಶರಬತ್ತು ಮಾಡಿಡಿ. ಅದರ ಹುಳಿಯೂ ಬಫಾತಿಗೆ ಚೆನ್ನಾಗಿ ಹೊಂದುತ್ತದೆ. ತೆರೆದ ಬಾಟಲಿ ಉಳಿದರೆ ಮುಚ್ಚಳ ಹಾಕಿ ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ.